ಬೆಳಕಿನಿಂದ ಕಣ್ಣಿನ ಒಳಪದರ ಕಾಣುವುದಾದರೆ ಲಿವರ್ ಏಕೆ ಕಾಣುವುದಿಲ್ಲ?

ವಿಸಿನಾಲೆ_ಮಂಡ್ಯ (ಪ್ರಶ್ನೆ)

ನಾನು ಮಂಡ್ಯದ ಪದವಿಪೂರ್ವ ಕಾಲೇಜೊಂದರಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತೇನೆ. ಸಕ್ಕರೆ ಕಾಯಿಲೆಯಿರುವ ನಮ್ಮ ಅತ್ತೆಯವರನ್ನು ಈಚೆಗೆ ಮೈಸೂರಿನ ಕಣ್ಣಾಸ್ಪತ್ರೆಯೊಂದಕ್ಕೆ ಕರೆದುಕೊಂಡು ಹೋಗಿದ್ದಾಗ ಓಸಿಟಿ (ಆಪ್ಟಿಕಲ್ ಕೊಹೆರೆನ್ಸ್ ಟೊಮೊಗ್ರಫಿ) ಎಂಬ ಸ್ಕ್ಯಾನ್ ಮಾಡಿಸಿದರು. ಗಲ್ಲವನ್ನು ಆಸರೆಯ ಮೇಲಿಟ್ಟು, ಒಳಗೆ ಕಾಣುವ ಗುರುತನ್ನೇ ನೋಡುತ್ತಿರಿ ಎಂದರು, ಅಷ್ಟೇ. ಸೂಜಿಯಿಲ್ಲ, ಎಕ್ಸ್‌ರೇ ಇಲ್ಲ, ಯಂತ್ರ ಕಣ್ಣನ್ನು ಮುಟ್ಟಲೂ ಇಲ್ಲ. ಆದರೆ ಕೈಗೆ ಬಂದ ಹಾಳೆಯಲ್ಲಿ ರೆಟಿನಾವನ್ನು ಅಡ್ಡಲಾಗಿ ಕೊಯ್ದು ಇಟ್ಟಂತೆ ಪದರ ಪದರವಾಗಿ ಚಿತ್ರ ಮೂಡಿತ್ತು. ನಡುವೆ ನೀರು ತುಂಬಿದ ಕಪ್ಪು ಗುಳ್ಳೆಗಳು, ಪಕ್ಕದಲ್ಲಿ ಪ್ರತಿ ಭಾಗದ ದಪ್ಪ ಮೈಕ್ರೊಮೀಟರ್ ಲೆಕ್ಕದಲ್ಲಿ.

ಅಲ್ಲಿಂದ ಬಂದ ಮೇಲೆ ಈ ಪ್ರಶ್ನೆ ತಲೆಯಲ್ಲಿ ಕೊರೆಯುತ್ತಿದೆ. ಬರಿಯ ಬೆಳಕಿನಿಂದ ಇಷ್ಟು ಸೂಕ್ಷ್ಮವಾಗಿ ಕಣ್ಣಿನ ಒಳಗನ್ನು ನೋಡಬಹುದಾದರೆ, ಅದೇ ಯಂತ್ರವನ್ನು ಹೊಟ್ಟೆಯ ಮೇಲಿಟ್ಟು ಲಿವರ್ ಅನ್ನೋ, ಎದೆಯ ಮೇಲಿಟ್ಟು ಗಂಟನ್ನೋ ಏಕೆ ನೋಡಬಾರದು? ಸಿಟಿ ಸ್ಕ್ಯಾನ್‌ನ ವಿಕಿರಣದ ಚಿಂತೆಯೂ ಇರುವುದಿಲ್ಲ. ದೇಹ ಬೆಳಕನ್ನು ಹೀರಿಕೊಳ್ಳುತ್ತದೆ ಎಂದು ತರಗತಿಯಲ್ಲಿ ಹೇಳಿ ಮುಗಿಸಲು ಹೊರಟಿದ್ದೆ. ಆದರೆ ವಿದ್ಯಾರ್ಥಿಯೊಬ್ಬ ಮೊಬೈಲ್ ಟಾರ್ಚನ್ನು ಬೆರಳುಗಳಿಗೆ ಒತ್ತಿ ಹಿಡಿದು, ಬೆರಳೆಲ್ಲ ಕೆಂಪಗೆ ಬೆಳಗುವುದನ್ನು ತೋರಿಸಿ, ‘ಬೆಳಕು ಈ ಕಡೆಗೆ ಬಂದೇ ಬಂತಲ್ಲ ಮೇಡಂ, ಮತ್ತೆ ಮೂಳೆ ಏಕೆ ಕಾಣಲಿಲ್ಲ’ ಎಂದು ಕೇಳಿದ. ನ್ಯಾಯವಾದ ಪ್ರಶ್ನೆ. ತಿಳಿದವರು ತರಗತಿಯಲ್ಲಿ ಹೇಳಬಹುದಾದ ಮಟ್ಟದಲ್ಲಿ, ಸಾಧ್ಯವಾದರೆ ಅಂಕಿಗಳ ಸಮೇತ, ವಿವರಿಸಿದರೆ ಉಪಕಾರವಾಗುತ್ತದೆ.

ರೆಟಿನಾ_ಮೈಸೂರು

ನಾನು ಮೈಸೂರಿನಲ್ಲಿ ಆಪ್ಟೊಮೆಟ್ರಿಸ್ಟ್ ಆಗಿದ್ದೇನೆ. ಓಸಿಟಿ ಯಂತ್ರದ ಮುಂದೆಯೇ ನನ್ನ ದಿನದ ಬಹುಭಾಗ ಕಳೆಯುತ್ತದೆ. ದೇಹದ ಉಳಿದ ಭಾಗಗಳ ವಿಷಯವನ್ನು ಬಲ್ಲವರಿಗೆ ಬಿಟ್ಟು ಕಣ್ಣಿನ ಮಟ್ಟಿಗೆ ಹೇಳುತ್ತೇನೆ.

ಓಸಿಟಿಯನ್ನು ಹಲವರು ಬೆಳಕಿನ ಅಲ್ಟ್ರಾಸೌಂಡ್ ಎನ್ನುತ್ತಾರೆ. ತತ್ವ ಒಂದು ಹಂತದವರೆಗೆ ಹಾಗೆಯೇ ಇದೆ: ಒಳಕ್ಕೆ ಕಳುಹಿಸಿದ ಬೆಳಕು ಯಾವ ಆಳದಿಂದ ಎಷ್ಟು ಮರಳಿ ಬಂತು ಎಂದು ಅಳೆಯುವುದು. ತೊಡಕಿರುವುದು ವೇಗದಲ್ಲಿ. ಒಂದು ಮೈಕ್ರೊಮೀಟರ್ ದೂರ ಸಾಗಲು ಬೆಳಕಿಗೆ ಬೇಕಾಗುವುದು ಸುಮಾರು 3.3 ಫೆಮ್ಟೊಸೆಕೆಂಡ್, ಅಷ್ಟು ಸಣ್ಣ ಅಂತರವನ್ನು ನೇರವಾಗಿ ಎಣಿಸುವ ಎಲೆಕ್ಟ್ರಾನಿಕ್ ಗಡಿಯಾರ ಇಲ್ಲ. ಆದ್ದರಿಂದ ಬೆಳಕನ್ನು ಎರಡು ಪಾಲು ಮಾಡಿ, ಒಂದನ್ನು ಕಣ್ಣಿಗೂ ಇನ್ನೊಂದನ್ನು ಯಂತ್ರದೊಳಗಿನ ಕನ್ನಡಿಗೂ ಕಳುಹಿಸಿ, ಮರಳಿದ ಎರಡನ್ನೂ ಒಂದರ ಮೇಲೊಂದು ಬೀಳಿಸುತ್ತಾರೆ. ನೀವು ಪಿಯುಸಿಯಲ್ಲಿ ಪಾಠ ಮಾಡುವ ವ್ಯತೀಕರಣವೇ, ಅಂದರೆ ಎರಡು ಅಲೆಗಳು ಕೂಡಿದಾಗ ಬೆಳಕು-ಕತ್ತಲೆಯ ಪಟ್ಟೆಗಳು ಮೂಡುವುದೇ, ಇಲ್ಲಿ ಗಡಿಯಾರದ ಕೆಲಸ ಮಾಡುತ್ತದೆ. ಲೇಸರಿನಂತೆ ಒಂದೇ ಬಣ್ಣದ ಬೆಳಕನ್ನು ಬಳಸಿದರೆ ಎಲ್ಲ ಆಳದಲ್ಲೂ ವ್ಯತೀಕರಣ ಉಂಟಾಗಿ ಯಾವ ಪದರ ಎಲ್ಲಿದೆ ಎಂಬುದೇ ತಿಳಿಯದು. ಬೇಕೆಂತಲೇ ಹಲವು ತರಂಗಾಂತರಗಳು ಬೆರೆತ ಬೆಳಕನ್ನು ಬಳಸುವುದು ಇದಕ್ಕಾಗಿ. ಎರಡು ದಾರಿಗಳ ಉದ್ದ ಕೆಲವೇ ಮೈಕ್ರೊಮೀಟರ್‌ಗಳ ಒಳಗೆ ಸಮವಾದಾಗ ಮಾತ್ರ ಪಟ್ಟೆಗಳು ಮೂಡುತ್ತವೆ. ನಡುವಿನ ತರಂಗಾಂತರ 840 ನ್ಯಾನೊಮೀಟರ್, ಹರವು 50 ನ್ಯಾನೊಮೀಟರ್ ಎಂದು ಸೂತ್ರದಲ್ಲಿ ಹಾಕಿದರೆ ಸುಮಾರು 6 ಮೈಕ್ರೊಮೀಟರ್ ಸೂಕ್ಷ್ಮತೆ ಸಿಗುತ್ತದೆ. ರೆಟಿನಾದ ಒಟ್ಟು ದಪ್ಪವೇ ಕಾಲು ಮಿಲಿಮೀಟರಿನ ಆಸುಪಾಸು ಇರುವಾಗ, ಹತ್ತು ಪದರಗಳನ್ನು ಬೇರೆ ಬೇರೆಯಾಗಿ ಗುರುತಿಸಲು ಇಷ್ಟು ಸೂಕ್ಷ್ಮತೆ ಬೇಕೇ ಬೇಕು.

ಈ ವಿಧಾನವನ್ನು ಎಂಐಟಿಯ ಜೇಮ್ಸ್ ಫುಜಿಮೊಟೊ, ಡೇವಿಡ್ ಹುವಾಂಗ್, ಎರಿಕ್ ಸ್ವಾನ್ಸನ್ ಮತ್ತು ಸಂಗಡಿಗರು 1991ರಲ್ಲಿ ಪ್ರಕಟಿಸಿದರು. ಈ ಮೂವರಿಗೆ 2023ರಲ್ಲಿ ಲಾಸ್ಕರ್ ಪ್ರಶಸ್ತಿ ಬಂತು. 1996ರಲ್ಲಿ ಮಾರುಕಟ್ಟೆಗೆ ಬಂದ ಮೊದಲ ಯಂತ್ರ ಸೆಕೆಂಡಿಗೆ 100 ಗೆರೆಗಳನ್ನು (ಒಂದು ಗೆರೆ ಎಂದರೆ ಒಂದು ಬಿಂದುವಿನಲ್ಲಿ ಮೇಲಿನಿಂದ ಆಳದವರೆಗಿನ ಒಂದು ಓದು) ಓದುತ್ತಿತ್ತು. ಈಗಿನವು ಹತ್ತಾರು ಸಾವಿರ ಗೆರೆಗಳನ್ನು ಓದುತ್ತವೆ. ನಿಮ್ಮ ಅತ್ತೆಯವರು ಕಣ್ಣು ಮಿಟುಕಿಸುವುದರೊಳಗೆ ಕೆಲಸ ಮುಗಿಯಿತಲ್ಲ, ಅದರ ಹಿಂದಿನ ಕಾರಣ ಇದು. ಒಂದೇ ಜಾಗವನ್ನು ಮತ್ತೆ ಮತ್ತೆ ಓದಿ, ಎರಡು ಓದುಗಳ ನಡುವೆ ಎಲ್ಲಿ ಬದಲಾವಣೆಯಾಗಿದೆಯೋ ಅಲ್ಲಿ ರಕ್ತ ಹರಿಯುತ್ತಿದೆ ಎಂದು ಕಂಡುಹಿಡಿದು, ರಕ್ತನಾಳಗಳ ನಕ್ಷೆಯನ್ನೇ ಬಿಡಿಸುವ ಯಂತ್ರಗಳೂ ಈಗಿವೆ. ಮೊದಲೆಲ್ಲ ಇದಕ್ಕಾಗಿ ತೋಳಿನ ನಾಳಕ್ಕೆ ಫ್ಲೋರೆಸೀನ್ ಬಣ್ಣ ಚುಚ್ಚಿ, ರೋಗಿಗೆ ವಾಕರಿಕೆ ಬಂದರೆ ಸಂಭಾಳಿಸಿ, ಮೂತ್ರ ಹಳದಿಯಾದರೆ ಹೆದರಬೇಡಿ ಎಂದು ಹೇಳಿ ಕಳುಹಿಸಬೇಕಾಗಿತ್ತು. ಆ ಪರೀಕ್ಷೆ ಇಂದಿಗೂ ಇದೆ, ನಾಳದಿಂದ ಸೋರಿಕೆ ಆಗುತ್ತಿದೆಯೇ ಎಂದು ನೋಡಲು ಅದೇ ಬೇಕು.

ಇನ್ನು ಲಿವರಿಗೆ ಏಕಿಲ್ಲ ಎಂಬ ಮಾತು. ಅದಕ್ಕೆ ನನ್ನ ಮೇಜಿನ ಮುಂದೆಯೇ ಸುಳಿವು ಸಿಗುತ್ತದೆ. ಕಣ್ಣು ದೇಹದ ಉಳಿದ ಅಂಗಗಳಂತಲ್ಲ. ಬೆಳಕು ಹಾದುಹೋಗಲೆಂದೇ ಕಾರ್ನಿಯಾ, ಮಸೂರ, ಒಳಗಿನ ದ್ರವ ಎಲ್ಲವೂ ತಿಳಿಯಾಗಿವೆ. ಪೊರೆ ಬಲಿತ ರೋಗಿ ಬಂದಾಗ ಅದೇ ಯಂತ್ರ, ಅದೇ ರೆಟಿನಾ, ಆದರೆ ಪರದೆಯ ಮೇಲೆ ಸಿಗ್ನಲ್ ಅಂಕ ಕುಸಿದು ಚಿತ್ರವೆಲ್ಲ ಮರಳು ಚೆಲ್ಲಿದ ಹಾಗೆ ಆಗುತ್ತದೆ. ಪೊರೆಯೇನೂ ಗೋಡೆಯಲ್ಲ, ಆ ರೋಗಿಗೆ ಬೆಳಕು ಕಾಣುತ್ತಲೇ ಇರುತ್ತದೆ. ಕಣ್ಣು ಒಣಗಿದವರಲ್ಲಿಯೂ ಹೀಗಾಗುವುದುಂಟು; ಒಂದು ಹನಿ ಕೃತಕ ಕಣ್ಣೀರು ಹಾಕಿ ಎರಡು ಸಲ ರೆಪ್ಪೆ ಬಡಿಯಲು ಹೇಳಿದರೆ ಚಿತ್ರ ಎಷ್ಟೋ ತಿಳಿಯಾಗುತ್ತದೆ. ಕೆಲವು ಮಿಲಿಮೀಟರ್ ಮಸುಕು ಮಸೂರವೇ ಇಷ್ಟು ಹಾಳು ಮಾಡುವುದಾದರೆ, ಹೊಟ್ಟೆಯ ಚರ್ಮ, ಕೊಬ್ಬು, ಸ್ನಾಯು ದಾಟುವ ಮಾತೆಲ್ಲಿ?

ಗಂಗೋತ್ರಿ_ನಿವೃತ್ತ

ಮೇಲಿನವರು ಕೊಟ್ಟ ಪೊರೆಯ ಉದಾಹರಣೆಯಲ್ಲಿಯೇ ಉತ್ತರದ ಬೀಜವಿದೆ. ಮೂಲ ಪ್ರಶ್ನೆಯಲ್ಲಿರುವ ಟಾರ್ಚಿನ ಪ್ರಯೋಗವನ್ನು ಹಿಡಿದು ಅದನ್ನು ಸ್ವಲ್ಪ ಬಿಡಿಸುತ್ತೇನೆ. ಆ ವಿದ್ಯಾರ್ಥಿಗೆ ನನ್ನ ಮೆಚ್ಚುಗೆಯನ್ನು ದಯವಿಟ್ಟು ತಿಳಿಸಿ, ಏಕೆಂದರೆ ಅನೇಕ ಲೇಖನಗಳು ದಾರಿ ತಪ್ಪುವುದು ಅವನು ಕೇಳಿದ ಜಾಗದಲ್ಲಿಯೇ.

ಅಂಗಾಂಶದೊಳಗೆ ಬೆಳಕಿಗೆ ಎರಡು ಬೇರೆ ಬೇರೆ ಗತಿಗಳುಂಟು. ಒಂದು ಹೀರಿಕೆ, ಇನ್ನೊಂದು ಚದುರುವಿಕೆ. ನೀಲಿ, ಹಸಿರು ಬೆಳಕನ್ನು ರಕ್ತದ ಹಿಮೋಗ್ಲೋಬಿನ್ ಹೀರಿಬಿಡುತ್ತದೆ. ಬೆರಳು ಕೆಂಪಾಗಿ ಬೆಳಗುವುದು ಅದಕ್ಕೆ. ಸುಮಾರು 950 ನ್ಯಾನೊಮೀಟರ್ ದಾಟಿದ ಮೇಲೆ ನೀರಿನ ಹೀರಿಕೆ ಜೋರಾಗುತ್ತದೆ. ನಡುವೆ, ಸುಮಾರು 650ರಿಂದ 950 ನ್ಯಾನೊಮೀಟರ್‌ವರೆಗೆ, ಎರಡೂ ಕಡಿಮೆಯಾಗಿರುವ ಒಂದು ಕಿಟಕಿಯಿದೆ. ದೇಹದೊಳಗೆ ಇಣುಕುವ ಬೆಳಕಿನ ಉಪಕರಣಗಳಲ್ಲಿ ಹೆಚ್ಚಿನವು ಈ ಕಿಟಕಿಯಲ್ಲಿಯೇ ಕೆಲಸ ಮಾಡುತ್ತವೆ. ಆದರೆ ಆ ಕಿಟಕಿಯಲ್ಲಿಯೂ ಚದುರುವಿಕೆ ತಪ್ಪಿದ್ದಲ್ಲ. ಜೀವಕೋಶದ ಪೊರೆ, ಮೈಟೊಕಾಂಡ್ರಿಯಾ, ಕೊಲ್ಯಾಜನ್ ನಾರು ಇವುಗಳ ವಕ್ರೀಭವನ ಸೂಚ್ಯಂಕ (ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂಬುದರ ಅಳತೆ) ಸುತ್ತಲಿನ ನೀರಿಗಿಂತ ತುಸು ಹೆಚ್ಚು. ಅಂಥ ಪ್ರತಿಯೊಂದು ಗಡಿಯಲ್ಲಿಯೂ ಬೆಳಕು ಒಂದಿಷ್ಟು ವಾಲುತ್ತದೆ. ಮಾರ್ಗಶಿರದ ಬೆಳಗಿನಲ್ಲಿ ಮಂಜು ಕವಿದು ಚಾಮುಂಡಿ ಬೆಟ್ಟ ಕಾಣದಾದಾಗ ಊರಿನಲ್ಲಿ ಕತ್ತಲೇನೂ ಆಗಿರುವುದಿಲ್ಲ, ಸುತ್ತೆಲ್ಲ ಬೆಳ್ಳಗೆ ಬೆಳಕಿರುತ್ತದೆ. ಬೆಟ್ಟದಿಂದ ಹೊರಟ ಬೆಳಕು ನಮ್ಮನ್ನು ತಲುಪುವಷ್ಟರಲ್ಲಿ ತಾನು ಎಲ್ಲಿಂದ ಬಂದೆ ಎಂಬುದರ ಗುರುತು ಕಳೆದುಕೊಂಡಿರುತ್ತದೆ. ಬೆರಳಿನ ಮೂಳೆಯ ಕತೆಯೂ ಇಷ್ಟೇ.

ಅಂಕಿಗಳನ್ನು ಕೇಳಿದ್ದೀರಿ. ಮೃದು ಅಂಗಾಂಶದಲ್ಲಿ ಒಂದು ಫೋಟಾನು, ಅಂದರೆ ಬೆಳಕಿನ ಒಂದು ಕಣ, ಸರಾಸರಿ ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗ ಸಾಗುವಷ್ಟರಲ್ಲಿ ಒಮ್ಮೆ ಚದುರುತ್ತದೆ ಎಂದಿಟ್ಟುಕೊಳ್ಳಿ. ಹಾಗಿದ್ದರೆ 1 ಮಿಲಿಮೀಟರ್ ದಾಟುವಾಗ ಒಮ್ಮೆಯೂ ಚದುರದೆ ನೇರವಾಗಿ ಹೋದದ್ದು ಇ (e, ಸುಮಾರು 2.718) ಎಂಬ ಸಂಖ್ಯೆಯ ಋಣ 10ನೆಯ ಘಾತ, ಅಂದರೆ ಸುಮಾರು 22 ಸಾವಿರದಲ್ಲಿ ಒಂದು. ಓಸಿಟಿಗೆ ಬೇಕಾದದ್ದು ಇಂಥ ನೇರ ಬೆಳಕು; ವ್ಯತೀಕರಣದ ಸೂಕ್ಷ್ಮತೆಯಿಂದಾಗಿ ಅಷ್ಟನ್ನು ಅದು ಹೇಗೋ ಹೆಕ್ಕಿಕೊಳ್ಳುತ್ತದೆ. 1 ಸೆಂಟಿಮೀಟರ್ ದಾಟಬೇಕಾದರೆ ಇ ಯ ಋಣ 100ನೆಯ ಘಾತ. ಒಂದರ ಮುಂದೆ 43 ಸೊನ್ನೆ ಬರೆದು ಅಷ್ಟರಲ್ಲಿ ಒಂದು ಎಂದರೆ ಇಲ್ಲವೆಂದೇ ಅರ್ಥ. ಚರ್ಮದ ಮೇಲೆ ಓಸಿಟಿ ಇಟ್ಟರೆ ಒಂದೆರಡು ಮಿಲಿಮೀಟರ್ ಆಳಕ್ಕೇ ನಿಂತುಬಿಡುವುದು ಯಂತ್ರದ ದೌರ್ಬಲ್ಯವಲ್ಲ, ಈ ಘಾತಾಂಕದ ಏಟು. ಹೆಚ್ಚು ಶಕ್ತಿಯ ದೀಪ ಹಾಕಿದರಾಯಿತು ಎನ್ನುವವರಿಗೆ ಈ ಲೆಕ್ಕವನ್ನು ತೋರಿಸಿ.

ಚದುರಿದ ಬೆಳಕನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ ಪರಿಸ್ಥಿತಿ ಇಷ್ಟು ಕೆಟ್ಟದ್ದಲ್ಲ. ಪ್ರತಿ ಸಲವೂ ಅದು ಹೆಚ್ಚಾಗಿ ಮುಂದಕ್ಕೇ ವಾಲುವುದರಿಂದ ದಿಕ್ಕು ಪೂರ್ತಿ ಮರೆಯಲು ಸುಮಾರು ಒಂದು ಮಿಲಿಮೀಟರ್ ಹಿಡಿಯುತ್ತದೆ. ಆಮೇಲೆ ಬೆಳಕು ನೀರಿನಲ್ಲಿ ಶಾಯಿ ಹರಡುವ ಸಮೀಕರಣದಂತೆಯೇ ಹರಡುತ್ತದೆ, ಪ್ರತಿ 6 ಮಿಲಿಮೀಟರಿಗೆ ಮೂರನೆಯ ಒಂದು ಭಾಗದ ಆಸುಪಾಸಿಗೆ ಇಳಿಯುತ್ತ ಹೋಗುತ್ತದೆ. 5 ಸೆಂಟಿಮೀಟರ್ ಆಚೆಗೂ ಕೆಲವು ಸಾವಿರದಲ್ಲಿ ಒಂದು ಪಾಲು ಉಳಿದಿರುತ್ತದೆ. ಈಗಿನ ಪತ್ತೆಕಾರಕಗಳಿಗೆ ಅದನ್ನು ಅಳೆಯುವುದು ಕಷ್ಟವೇ ಅಲ್ಲ. ಎಂದರೆ ಬೆಳಕಿನ ಪ್ರಮಾಣಕ್ಕೆ ಕೊರತೆಯಿಲ್ಲ, ಅದು ತರುವ ವಿಳಾಸಕ್ಕೆ ಕೊರತೆ. ಎಕ್ಸ್‌ರೇ ಗೆಲ್ಲುವುದು ಇಲ್ಲಿಯೇ: 20 ಸೆಂಟಿಮೀಟರ್ ದೇಹದ ಮೂಲಕ ನೂರರಲ್ಲಿ ಒಂದೆರಡು ಪಾಲು ಮಾತ್ರ ಬಂದರೂ ಅದು ನೇರ ಗೆರೆಯಲ್ಲಿ ಬಂದಿರುತ್ತದೆ.

ಇನ್ನೊಂದು ಮಾತು ಸೇರಿಸಬಹುದು. 1831ರಷ್ಟು ಹಿಂದೆಯೇ ರಿಚರ್ಡ್ ಬ್ರೈಟ್ ಎಂಬ ಇಂಗ್ಲೆಂಡಿನ ವೈದ್ಯರು, ತಲೆಯಲ್ಲಿ ನೀರು ತುಂಬಿಕೊಂಡಿದ್ದ ರೋಗಿಯ ತಲೆಯ ಹಿಂದೆ ಮೇಣದ ಬತ್ತಿ ಹಿಡಿದಾಗ ಬೆಳಕು ಹಾದು ಬಂದುದನ್ನು ದಾಖಲಿಸಿದ್ದಾರೆ. ಮಿದುಳಿನ ಜಾಗದಲ್ಲಿ ತಿಳಿ ದ್ರವವಿದ್ದುದರಿಂದ ಅದು ಸಾಧ್ಯವಾಯಿತು. ಕಣ್ಣಿನ ಓಸಿಟಿಗೂ ಆ ಮೇಣದ ಬತ್ತಿಗೂ ದಾರಿ ಮಾಡಿಕೊಟ್ಟದ್ದು ಒಂದೇ, ತಿಳಿಯಾದ ದ್ರವ.

ವಿಸಿನಾಲೆ_ಮಂಡ್ಯ

ಇಬ್ಬರಿಗೂ ಧನ್ಯವಾದ. ವಿಳಾಸಕ್ಕೆ ಕೊರತೆ ಎಂಬ ಮಾತು ತರಗತಿಗೆ ನೇರವಾಗಿ ಒಯ್ಯುವಂಥದ್ದು. ಹಾಗಾದರೆ ಮುಂದಿನ ಪ್ರಶ್ನೆ. ಸುತ್ತಲೂ ದೀಪ, ಸುತ್ತಲೂ ಪತ್ತೆಕಾರಕ ಇಟ್ಟು, ಚದುರಿ ಬಂದ ಬೆಳಕನ್ನೆಲ್ಲ ಕಂಪ್ಯೂಟರಿಗೆ ಕೊಟ್ಟು ಸಿಟಿಯ ಹಾಗೆ ಚಿತ್ರ ಕಟ್ಟಲು ಬರುವುದಿಲ್ಲವೇ? ಜೊತೆಗೆ ಇನ್ನೊಂದು: ಇಲಿಯ ಚರ್ಮಕ್ಕೆ ತಿಂಡಿಗೆ ಹಾಕುವ ಹಳದಿ ಬಣ್ಣ ಸವರಿದಾಗ ಒಳಗಿನ ಅಂಗಗಳು ಕಂಡವು ಎಂಬ ಸುದ್ದಿಯನ್ನು ಹುಡುಗರು ಮೊಬೈಲಿನಲ್ಲಿ ಹಂಚಿಕೊಳ್ಳುತ್ತಿದ್ದಾರೆ. ಅದು ನಿಜವೇ?

ಹೆಬ್ಬಾಳು_ಎಂಜಿನಿಯರ್

ಮೈಸೂರಿನಲ್ಲಿ ವೈದ್ಯಕೀಯ ಉಪಕರಣಗಳ ಕೆಲಸದಲ್ಲಿದ್ದೇನೆ. ಮೊದಲನೆಯ ಪ್ರಶ್ನೆಗೆ ಉತ್ತರ: ಬರುತ್ತದೆ, ಮಾಡುತ್ತಿದ್ದಾರೆ, ಆದರೆ ಚಿತ್ರ ಮಸುಕಾಗಿರುತ್ತದೆ. ಅದಕ್ಕೆ ಡಿಫ್ಯೂಸ್ ಆಪ್ಟಿಕಲ್ ಟೊಮೊಗ್ರಫಿ ಎನ್ನುತ್ತಾರೆ. ಸಿಟಿಯಲ್ಲಿ ಪ್ರತಿ ಅಳತೆಯೂ ಒಂದು ಗೆರೆಯ ಮೊತ್ತ. ಇಲ್ಲಿ ಪ್ರತಿ ಅಳತೆಯೂ ದೀಪದಿಂದ ಪತ್ತೆಕಾರಕದವರೆಗೆ ಬಾಳೆಹಣ್ಣಿನಂತೆ ಬಾಗಿದ ಒಂದು ಅಗಲ ಪ್ರದೇಶದ ಮೊತ್ತ. ಅಂಥ ಅಳತೆಗಳಿಂದ ಹಿಂದಕ್ಕೆ ಲೆಕ್ಕ ಹಾಕಿದರೆ ಆಳ ಹೆಚ್ಚಾದಷ್ಟೂ ಅಂಚುಗಳು ಕಲಸಿಹೋಗುತ್ತವೆ. ಕೆಲವು ಸೆಂಟಿಮೀಟರ್ ಆಳದಲ್ಲಿ ಅರ್ಧ, ಒಂದು ಸೆಂಟಿಮೀಟರಿನ ವಸ್ತುವನ್ನು ಬೇರ್ಪಡಿಸಿ ಹೇಳಿದರೆ ಅದೇ ಹೆಚ್ಚು.

ಆದರೂ ಇದನ್ನು ಕೈಬಿಡದಿರುವುದಕ್ಕೆ ಕಾರಣವುಂಟು. ಬೆಳಕಿಗೆ ಆಕಾರ ಸರಿಯಾಗಿ ಕಾಣದಿದ್ದರೂ ಬಣ್ಣ ಕಾಣುತ್ತದೆ, ಎಕ್ಸ್‌ರೇಗೆ ಬಣ್ಣವೇ ಇಲ್ಲ. ಆಮ್ಲಜನಕ ಹೊತ್ತ ಹಿಮೋಗ್ಲೋಬಿನ್ ಮತ್ತು ಬರಿಗೈಯ ಹಿಮೋಗ್ಲೋಬಿನ್ ಕೆಂಪಿನಲ್ಲಿ ಬೇರೆ ಬೇರೆ ಪ್ರಮಾಣದಲ್ಲಿ ಬೆಳಕು ಹೀರುತ್ತವೆ. 800 ನ್ಯಾನೊಮೀಟರ್ ಹತ್ತಿರ ಎರಡೂ ಸಮ, ಅದರಾಚೆ ಲೆಕ್ಕ ತಿರುವುಮುರುವು. ಕೋವಿಡ್ ಕಾಲದಲ್ಲಿ ಆಶಾ ಕಾರ್ಯಕರ್ತೆಯರು ಮನೆಮನೆಗೆ ಹಿಡಿದು ಬಂದ ಪಲ್ಸ್ ಆಕ್ಸಿಮೀಟರ್ 660 ಮತ್ತು 940 ನ್ಯಾನೊಮೀಟರ್ ದೀಪಗಳಿಂದ ಇದನ್ನೇ ಅಳೆಯುತ್ತಿತ್ತು. ಜಪಾನಿನ ಟಕುವೊ ಅಯೊಯಾಗಿ 1970ರ ದಶಕದ ಆರಂಭದಲ್ಲಿ ಕಂಡುಕೊಂಡ ಉಪಾಯವೆಂದರೆ, ಬಂದ ಬೆಳಕಿನಲ್ಲಿ ನಾಡಿಯೊಂದಿಗೆ ಏರಿಳಿಯುವ ಭಾಗವನ್ನು ಮಾತ್ರ ಲೆಕ್ಕಕ್ಕೆ ಹಿಡಿಯುವುದು. ಏರಿಳಿಯುವುದು ಅಪಧಮನಿಯ ರಕ್ತ, ಉಳಿದದ್ದೆಲ್ಲ ಹಿನ್ನೆಲೆ. ಅದು ಚಿತ್ರ ತೆಗೆಯುವ ಯಂತ್ರವಲ್ಲ, ನಿಜ. ಆದರೆ ವಿಳಾಸದ ಆಸೆ ಬಿಟ್ಟು ಬಣ್ಣವನ್ನಷ್ಟೇ ಕೇಳಿದರೆ ಬೆಳಕು ಎಷ್ಟು ನಂಬಿಗಸ್ತವಾಗಿ ಉತ್ತರ ಕೊಡುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಅದೇ ಜಾಡಿನಲ್ಲಿ 1977ರಲ್ಲಿ ಫ್ರಾನ್ಸ್ ಯೋಬ್ಸಿಸ್ ತಲೆಬುರುಡೆಯ ಮೂಲಕವೇ ಅವಗೆಂಪು ಬೆಳಕಿನಿಂದ ಮಿದುಳಿನ ಆಮ್ಲಜನಕವನ್ನು ಗಮನಿಸಬಹುದೆಂದು ತೋರಿಸಿದರು. ಹಣೆಯ ಮೇಲೆ ದೀಪ ಒಂದು ಕಡೆ, ಪತ್ತೆಕಾರಕ ಅಲ್ಲಿಂದ 3 ಸೆಂಟಿಮೀಟರ್ ದೂರದಲ್ಲಿ. ನಡುವೆ ಬಾಗಿ ಬಂದ ಬೆಳಕು ಮಿದುಳಿನ ಹೊರಪದರವನ್ನು ಸವರಿಕೊಂಡು ಬಂದಿರುತ್ತದೆ. ಒಳಭಾಗಗಳು ಇದಕ್ಕೆ ನಿಲುಕುವುದಿಲ್ಲ. ನವಜಾತ ಶಿಶುಗಳ ತಲೆ ಚಿಕ್ಕದು, ಬುರುಡೆ ತೆಳು, ಹಾಗಾಗಿ ಅವರಲ್ಲಿ ಇದು ಹೆಚ್ಚು ಉಪಯುಕ್ತ. ಎಂಆರ್‌ಐ ಸುರಂಗದೊಳಗೆ ಅಲುಗಾಡದೆ ಮಲಗು ಎಂದು ಹಸುಳೆಗೆ ಹೇಳಲಾಗುವುದೇ?

ಈಗ ನನಗೆ ಎಲ್ಲಕ್ಕಿಂತ ಅಚ್ಚುಮೆಚ್ಚಿನ ವಿಧಾನಕ್ಕೆ ಬರುತ್ತೇನೆ, ಫೋಟೊಅಕೌಸ್ಟಿಕ್ ಚಿತ್ರಣ. ಬೆಳಕು ಒಳಕ್ಕೆ ಹೋಗುವಾಗ ದಿಕ್ಕು ಕಳೆದುಕೊಂಡರೆ ಕಳೆದುಕೊಳ್ಳಲಿ, ಹೊರಕ್ಕೆ ಸುದ್ದಿ ತರುವ ಕೆಲಸವನ್ನು ಬೇರೆಯವರಿಗೆ ವಹಿಸೋಣ ಎಂಬುದು ಇದರ ಜಾಣತನ. ಕೆಲವು ನ್ಯಾನೊಸೆಕೆಂಡುಗಳ ಲೇಸರ್ ಮಿಡಿತವೊಂದನ್ನು ಚರ್ಮದ ಮೇಲೆ ಬೀಳಿಸುತ್ತಾರೆ. ಒಳಗೆಲ್ಲೋ ಒಂದು ರಕ್ತನಾಳ ಅದನ್ನು ಹೀರಿ, ಒಂದು ಡಿಗ್ರಿಯ ಸಾವಿರದ ಒಂದೆರಡು ಭಾಗದಷ್ಟು ಬಿಸಿಯಾಗಿ, ತಟ್ಟನೆ ಹಿಗ್ಗುತ್ತದೆ. ಸಾವಿರದ ಒಂದು ಭಾಗ ಬಿಸಿಗೇ ಸುಮಾರು 800 ಪಾಸ್ಕಲ್ ಒತ್ತಡ ಹುಟ್ಟುತ್ತದೆ, ಅದು ಅಲ್ಟ್ರಾಸೌಂಡ್ ಅಲೆಯಾಗಿ ಹೊರಡುತ್ತದೆ. ಅಂಗಾಂಶದಲ್ಲಿ ಶಬ್ದ ಚದುರುವುದು ಬೆಳಕಿಗಿಂತ ಸಾವಿರ ಪಟ್ಟು ಕಡಿಮೆ. ವೇಗ ಸೆಕೆಂಡಿಗೆ ಸುಮಾರು 1540 ಮೀಟರ್, ಸಾಧಾರಣ ಎಲೆಕ್ಟ್ರಾನಿಕ್ಸ್‌ನಿಂದಲೇ ಎಣಿಸಬಹುದಾದದ್ದು. ಹೀಗೆ ಬೆಳಕಿನ ಬಣ್ಣವೂ ಸಿಕ್ಕಿತು, ಶಬ್ದದ ವಿಳಾಸವೂ ಸಿಕ್ಕಿತು. ಕೆಲವು ಸೆಂಟಿಮೀಟರ್ ಆಳದವರೆಗೆ, ಒಂದು ಮಿಲಿಮೀಟರಿಗಿಂತ ಸಣ್ಣ ವಿವರಗಳೊಂದಿಗೆ, ಯಾವ ನಾಳದಲ್ಲಿ ಆಮ್ಲಜನಕ ಎಷ್ಟಿದೆ ಎಂದು ಬಿಡಿಸಬಹುದು. ಬೆಳಕು ಬಿದ್ದರೆ ವಸ್ತು ಸದ್ದು ಮಾಡುತ್ತದೆ ಎಂಬುದನ್ನು ಟೆಲಿಫೋನಿನ ಅಲೆಕ್ಸಾಂಡರ್ ಗ್ರಹಾಂ ಬೆಲ್ 1880ರಲ್ಲಿಯೇ ಗಮನಿಸಿದ್ದರು. ಲೇಸರ್, ಅಲ್ಟ್ರಾಸೌಂಡ್, ಕಂಪ್ಯೂಟರ್ ಮೂರೂ ಕೂಡಿ ಬರುವವರೆಗೆ ಅದು ನೂರು ವರ್ಷ ಕಾಯಬೇಕಾಯಿತು. ಸ್ತನದ ಗಂಟುಗಳ ಪರೀಕ್ಷೆಗೆ, ಅಲ್ಟ್ರಾಸೌಂಡಿನ ಜೊತೆಗೂಡಿ ಬಳಸುವ ಇಂಥ ಒಂದು ಯಂತ್ರಕ್ಕೆ ಅಮೆರಿಕದ ಔಷಧ, ವೈದ್ಯಕೀಯ ಉಪಕರಣಗಳ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ 2021ರಲ್ಲಿ ಒಪ್ಪಿಗೆ ಕೊಟ್ಟಿದೆ.

ಇಲ್ಲಿಯೂ ಲೇಸರ್ ಶಕ್ತಿಯನ್ನು ಮನಸ್ಸಿಗೆ ಬಂದಂತೆ ಏರಿಸಲು ಬರುವುದಿಲ್ಲ. ಕಣ್ಣಿಗೆ ಕಾಣುವ ಬೆಳಕಿನ ಸಣ್ಣ ಮಿಡಿತಗಳಿಗೆ ಚರ್ಮದ ಸುರಕ್ಷತಾ ಮಿತಿ ಚದರ ಸೆಂಟಿಮೀಟರಿಗೆ 20 ಮಿಲಿಜೌಲ್. ಲಿವರಿನಂಥ ಆಳದ ಅಂಗವನ್ನು ಇಡಿಯಾಗಿ ನೋಡಲು ಇದೂ ಸಾಲದು. ಅದಕ್ಕೆ ಅಲ್ಟ್ರಾಸೌಂಡ್, ಸಿಟಿ, ಎಂಆರ್‌ಐಗಳೇ ಸರಿ.

ಪಾಂಡವಪುರ_ವೈದ್ಯೆ

ಚರ್ಚೆ ಚೆನ್ನಾಗಿದೆ. ತಾಲ್ಲೂಕು ಮಟ್ಟದಲ್ಲಿ ರೋಗಿಗಳನ್ನು ನೋಡುವವಳಾಗಿ ಎರಡು ಮಾತು ಸೇರಿಸದೆ ಇರಲಾರೆ, ಏಕೆಂದರೆ ಓದುವವರೆಲ್ಲ ಭೌತಶಾಸ್ತ್ರದವರಲ್ಲ.

ಮೊದಲನೆಯದು ಸ್ತನದ ವಿಷಯ. ಕೈಯಲ್ಲಿ ಹಿಡಿಯುವ ದೀಪವೊಂದನ್ನು ಒತ್ತಿ, ನೆರಳು ಕಂಡರೆ ಗೆಡ್ಡೆ, ಕಾಣದಿದ್ದರೆ ಇಲ್ಲ ಎಂದು ಹೇಳುವ ಶಿಬಿರವೊಂದು ನಮ್ಮ ಕಡೆ ನಡೆದಿತ್ತು. ಅಲ್ಲಿ ಏನೂ ಇಲ್ಲವೆಂದರು ಎಂಬ ಸಮಾಧಾನದಲ್ಲಿ ಮಹಿಳೆಯೊಬ್ಬರು ಕೈಗೆ ಸಿಗುವಂಥ ಗಂಟನ್ನು ಇಟ್ಟುಕೊಂಡೇ ತಿಂಗಳುಗಟ್ಟಲೆ ಕಳೆದಿದ್ದರು. ಈ ದೀಪದ ಪರೀಕ್ಷೆ ಹೊಸದೇನೂ ಅಲ್ಲ. ಮ್ಯಾಕ್ಸ್ ಕಟ್ಲರ್ ಎಂಬ ವೈದ್ಯರು 1929ರಲ್ಲಿಯೇ ಅದನ್ನು ಪ್ರಯತ್ನಿಸಿದ್ದರು. ಆಮೇಲೆ ಅವಗೆಂಪು ಬೆಳಕು, ಕ್ಯಾಮರಾ ಎಲ್ಲ ಸೇರಿಸಿ ನೋಡಿದರೂ ಸಣ್ಣ ಗೆಡ್ಡೆಗಳು ತಪ್ಪಿಹೋಗುತ್ತವೆ ಎಂಬ ಕಾರಣಕ್ಕೆ ತಪಾಸಣೆಯ ವಿಧಾನವಾಗಿ ಅದು ನಿಲ್ಲಲಿಲ್ಲ. ಏಕೆ ಎಂಬುದನ್ನು ಮೇಲಿನವರು ಲೆಕ್ಕ ಸಮೇತ ಹೇಳಿದ್ದಾರೆ. ಗಂಟು ಕೈಗೆ ಸಿಕ್ಕಿದರೆ ವೈದ್ಯರ ಪರೀಕ್ಷೆ, ವಯಸ್ಸಿಗೆ ತಕ್ಕಂತೆ ಅಲ್ಟ್ರಾಸೌಂಡ್ ಅಥವಾ ಮ್ಯಾಮೊಗ್ರಾಂ, ಅಗತ್ಯವಿದ್ದರೆ ಸೂಜಿ ಹಾಕಿ ತುಣುಕು ತೆಗೆದು ನೋಡುವುದು. ಇದಕ್ಕೆ ಬದಲಿಯಾಗಿ ನಿಲ್ಲುವ ದೀಪ ಯಾವುದೂ ಇಲ್ಲ. ಮ್ಯಾಮೊಗ್ರಾಂನ ವಿಕಿರಣಕ್ಕೆ ಹೆದರಿ ಪರೀಕ್ಷೆಯನ್ನೇ ಬಿಡುವವರಿಗೂ ಹೇಳುತ್ತೇನೆ, ಅದರ ಪ್ರಮಾಣ ತೀರ ಕಡಿಮೆ. ಗಂಟನ್ನು ಕಡೆಗಣಿಸುವುದರ ಅಪಾಯದ ಮುಂದೆ ಅದು ಲೆಕ್ಕಕ್ಕಿಲ್ಲ.

ಎರಡನೆಯದು ಚರ್ಮದ ಬಣ್ಣ. ಬೆಳಕಿನ ಯಂತ್ರಗಳೆಲ್ಲ ಮೊದಲು ದಾಟಬೇಕಾದ್ದು ಮೆಲನಿನ್ ಇರುವ ಚರ್ಮವನ್ನು, ಅದೂ ಬೆಳಕು ಹೀರುತ್ತದೆ. 2020ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಆಕ್ಸಿಮೀಟರ್ 92ರಿಂದ 96 ತೋರಿಸುತ್ತಿದ್ದಾಗ ರಕ್ತ ತೆಗೆದು ನೋಡಿದರೆ ನಿಜವಾದ ಪ್ರಮಾಣ 88ಕ್ಕಿಂತ ಕೆಳಗಿದ್ದ ಪ್ರಸಂಗಗಳು ಕಪ್ಪು ವರ್ಣದ ರೋಗಿಗಳಲ್ಲಿ ಶೇ. 11.7, ಬಿಳಿಯರಲ್ಲಿ ಶೇ. 3.6 ಇದ್ದವು. ಹೊಲದಲ್ಲಿ ಬಿಸಿಲು ಕಾಯ್ದು ಬಂದ ನಮ್ಮ ರೈತರ ಬೆರಳಿಗೆ ಆ ಕ್ಲಿಪ್ ಹಾಕುವಾಗ ಈ ಅಂಕಿ ನನ್ನ ನೆನಪಿನಲ್ಲಿರುತ್ತದೆ. ಉಸಿರಾಟದ ವೇಗ, ತುಟಿಯ ಬಣ್ಣ, ರೋಗಿಯ ಮಾತು ಇವನ್ನೆಲ್ಲ ಬಿಟ್ಟು ಅಂಕಿಯೊಂದನ್ನೇ ನಂಬುವುದು ಸಲ್ಲದು. ಹೊಸ ಬೆಳಕಿನ ಉಪಕರಣ ಯಾವುದೇ ಬರಲಿ, ನಮ್ಮವರಂಥ ಚರ್ಮದ ಮೇಲೆ ಅದನ್ನು ಪರೀಕ್ಷಿಸಿದ್ದಾರೆಯೇ ಎಂದು ಕೇಳಿಯೇ ಕೊಳ್ಳಬೇಕು.

ಇನ್ನೊಂದನ್ನು ಎಂಜಿನಿಯರ್ ಅವರು ಹೇಳದೆ ಬಿಟ್ಟಿದ್ದಾರೆ: ಬೆಳಕು ಒಳಗೆ ಹೋಗದಿದ್ದರೆ ದೀಪವನ್ನೇ ಒಳಗೆ ಕೊಂಡೊಯ್ಯುವುದು. ಎಂಡೊಸ್ಕೋಪಿಯಲ್ಲಿ 415 ಮತ್ತು 540 ನ್ಯಾನೊಮೀಟರಿನ ಎರಡು ಕಿರಿದಾದ ಪಟ್ಟಿಗಳನ್ನಷ್ಟೇ ಬಳಸಿದರೆ ಹಿಮೋಗ್ಲೋಬಿನ್ ಅವನ್ನು ಜೋರಾಗಿ ಹೀರುವುದರಿಂದ ಒಳಪೊರೆಯ ಸಣ್ಣ ರಕ್ತನಾಳಗಳು ಎದ್ದು ಕಾಣುತ್ತವೆ. ಹೃದಯದ ರಕ್ತನಾಳದೊಳಕ್ಕೆ ಕೊಳವೆಯ ಮೂಲಕ ಓಸಿಟಿಯ ತಂತುವನ್ನು ಕಳುಹಿಸಿ ಸ್ಟೆಂಟ್ ಸರಿಯಾಗಿ ಕೂತಿದೆಯೇ ಎಂದು ನೋಡುವುದೂ ಉಂಟು. ರಕ್ತವೇ ಬೆಳಕನ್ನು ಚದುರಿಸುವುದರಿಂದ ಆ ಕೆಲವು ಸೆಕೆಂಡು ತಿಳಿ ದ್ರವ ಹರಿಸಿ ರಕ್ತವನ್ನು ಪಕ್ಕಕ್ಕೆ ಸರಿಸುತ್ತಾರೆ. ದೇಹದೊಳಕ್ಕೆ ಏನನ್ನೂ ತೂರಿಸದ ಪರೀಕ್ಷೆ ಎಂದು ಇವನ್ನು ಕರೆಯಲು ಬರುವುದಿಲ್ಲ, ಆದರೂ ಬೆಳಕಿಗೆ ಎಲ್ಲಿ ಬೆಲೆಯಿದೆ ಎಂಬುದು ಇವುಗಳಿಂದ ತಿಳಿಯುತ್ತದೆ.

ಗಂಗೋತ್ರಿ_ನಿವೃತ್ತ

ಹಳದಿ ಬಣ್ಣದ ಪ್ರಶ್ನೆ ಹಾಗೆಯೇ ಉಳಿದಿದೆ. ಸುದ್ದಿ ನಿಜ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ತಂಡವೊಂದು 2024ರಲ್ಲಿ ಪ್ರಕಟಿಸಿದ ಕೆಲಸ ಅದು. ಬಳಸಿದ್ದು ಟಾರ್ಟ್ರಜಿನ್ ಎಂಬ ಬಣ್ಣದ ತುಂಬ ಸಾಂದ್ರವಾದ ದ್ರಾವಣ. ಇಲಿಯ ಹೊಟ್ಟೆಯ ಚರ್ಮಕ್ಕೆ ಉಜ್ಜಿದಾಗ ಒಳಗಿನ ಅಂಗಗಳ ಚಲನೆಯೂ, ತಲೆಯ ಚರ್ಮಕ್ಕೆ ಉಜ್ಜಿದಾಗ ಮಿದುಳಿನ ಮೇಲಿನ ರಕ್ತನಾಳಗಳೂ ಕಂಡವು. ತೊಳೆದರೆ ಚರ್ಮ ಮೊದಲಿನಂತಾಯಿತು. ಮನುಷ್ಯರ ಮೇಲೆ ಆ ಪ್ರಯೋಗ ಮಾಡಿಲ್ಲ, ನಮ್ಮ ಚರ್ಮ ಇಲಿಯದ್ದಕ್ಕಿಂತ ಬಹಳ ದಪ್ಪ. ಹುಡುಗರು ಮನೆಯಲ್ಲಿ ಬಣ್ಣ ಕಲಸಿ ಮೈಗೆ ಹಚ್ಚಿಕೊಳ್ಳದಂತೆ ಮೊದಲೇ ಎಚ್ಚರಿಸಿ.

ಬಣ್ಣ ಹಾಕಿದರೆ ವಸ್ತು ಇನ್ನಷ್ಟು ಮಂಕಾಗಬೇಕಲ್ಲ, ತಿಳಿಯಾಗುವುದು ಹೇಗೆ ಎಂದು ಅವರು ಕೇಳಿಯೇ ಕೇಳುತ್ತಾರೆ. ಚದುರುವಿಕೆ ಹುಟ್ಟುವುದು ನೀರು ಮತ್ತು ಪ್ರೋಟೀನು, ಕೊಬ್ಬುಗಳ ಸೂಚ್ಯಂಕದ ವ್ಯತ್ಯಾಸದಿಂದ ಎಂದೆನಲ್ಲ, ನೀರಿನದು 1.33, ಉಳಿದವುಗಳದು 1.45ರ ಆಸುಪಾಸು. ಟಾರ್ಟ್ರಜಿನ್ ನೇರಿಳೆ, ನೀಲಿ ಬೆಳಕನ್ನು ಬಲವಾಗಿ ಹೀರುತ್ತದೆ. ಒಂದು ತರಂಗಾಂತರದಲ್ಲಿ ಬಲವಾಗಿ ಹೀರುವ ವಸ್ತು ಅದಕ್ಕಿಂತ ಉದ್ದದ ತರಂಗಾಂತರಗಳಲ್ಲಿ ಸೂಚ್ಯಂಕವನ್ನು ಏರಿಸುತ್ತದೆ. ಕ್ರಾಮರ್ಸ್ ಮತ್ತು ಕ್ರೋನಿಗ್ ಅವರ ಹೆಸರಿನ ಸಂಬಂಧ ಇದನ್ನೇ ಹೇಳುತ್ತದೆ. ಹೀಗೆ ಬಣ್ಣ ಕರಗಿದ ನೀರಿನ ಸೂಚ್ಯಂಕ ಕೆಂಪು ಬೆಳಕಿನ ಮಟ್ಟಿಗೆ ಮೇಲೇರಿ ಕೊಬ್ಬು, ಪ್ರೋಟೀನುಗಳ ಹತ್ತಿರ ಬರುತ್ತದೆ, ಗಡಿಗಳು ಅಳಿಸಿದಂತಾಗುತ್ತವೆ. ಹೀರಿಕೆಯನ್ನು ಹೆಚ್ಚಿಸಿ ಚದುರುವಿಕೆಯನ್ನು ತಗ್ಗಿಸುವ ಈ ವ್ಯವಹಾರ ನನಗೆ ಬಹಳ ಹಿಡಿಸಿತು.

ತರಗತಿಯಲ್ಲಿ ತೋರಿಸಲು ಇಲಿಯೂ ಬೇಡ, ಟಾರ್ಟ್ರಜಿನ್ ಕೂಡ ಬೇಡ. ಗಾಜಿನ ಲೋಟದಲ್ಲಿ ನೀರು ತುಂಬಿ, ಆಚೆ ಬದಿಯಲ್ಲಿ ಅಚ್ಚಾದ ಹಾಳೆಯೊಂದನ್ನು ನಿಲ್ಲಿಸಿ, ಹಾಲನ್ನು ಒಂದೊಂದೇ ಹನಿಯಾಗಿ ಸೇರಿಸುತ್ತ ಹೋಗಿ. ಅಕ್ಷರಗಳು ಮಾಯವಾದ ಮೇಲೂ ಟಾರ್ಚಿನ ಬೆಳಕು ಲೋಟದಿಂದ ಆಚೆಗೆ ಬರುತ್ತಲೇ ಇರುತ್ತದೆ. ಹಾಲು ಬೆಳಕನ್ನು ಹೀರುತ್ತಿಲ್ಲ ಎಂಬುದು ಆಗ ಹೇಳದೆಯೇ ತಿಳಿಯುತ್ತದೆ. ಎರಡನೆಯದಕ್ಕೆ ಪ್ರಯೋಗಾಲಯದಲ್ಲಿರುವ ಬೊರೊಸಿಲಿಕೇಟ್ ಗಾಜಿನ ಕಡ್ಡಿಯನ್ನೂ ಔಷಧದ ಅಂಗಡಿಯಲ್ಲಿ ಸಿಗುವ ಗ್ಲಿಸರಿನ್ ಅನ್ನೂ ಇಟ್ಟುಕೊಳ್ಳಿ. ಎರಡರ ಸೂಚ್ಯಂಕವೂ 1.47ರ ಸಮೀಪ ಇರುವುದರಿಂದ ಗ್ಲಿಸರಿನ್‌ನಲ್ಲಿ ಮುಳುಗಿದಷ್ಟು ಭಾಗ ಕಣ್ಣಿಗೆ ಕಾಣದಾಗುತ್ತದೆ. ಸಾಮಾನ್ಯ ಕಿಟಕಿ ಗಾಜಿನ ತುಂಡಾದರೆ ಸೂಚ್ಯಂಕ 1.52, ಅಂಚು ಸ್ವಲ್ಪ ಉಳಿದುಕೊಳ್ಳುತ್ತದೆ. ಎರಡನ್ನೂ ಒಂದೇ ಲೋಟದಲ್ಲಿ ಅಕ್ಕಪಕ್ಕ ಇಟ್ಟರೆ ಹುಡುಗರೇ ಕಾರಣ ಹುಡುಕುತ್ತಾರೆ. ಗ್ಲಿಸರಿನ್ ಸುರಿಯುವಾಗ ಗುಳ್ಳೆ ಏಳದಂತೆ ಲೋಟದ ಗೋಡೆಗೆ ತಾಗಿಸಿ ನಿಧಾನವಾಗಿ ಸುರಿಯಿರಿ, ಗುಳ್ಳೆಗಳಿದ್ದರೆ ಅವೇ ಬೆಳಕನ್ನು ಚದುರಿಸುತ್ತವೆ.